ಗಾಳಿ ಕುಡಿದ ಎಣ್ಣೆ

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಜಾನ್ ಕಾನ್‌ಸ್ಟೆಬಲ್ 1821ರಲ್ಲಿ ಬರೆದು ಮುಗಿಸಿದ ಒಂದು ತೈಲಚಿತ್ರವಿದೆ. ಎತ್ತರ 1.3 ಮೀಟರ್, ಅಗಲ ಸುಮಾರು 1.85 ಮೀಟರ್. ಮನೆಯ ಒಂದು ಗೋಡೆಯ ದೊಡ್ಡ ಭಾಗವನ್ನು ಅದೊಂದೇ ಹಿಡಿಯುತ್ತದೆ. ಎಡಗಡೆ ಒಂದು ಹಳೆಯ ಮನೆ, ನಡುವೆ ಆಳವಿಲ್ಲದ ಹೊಳೆ, ಬಲಕ್ಕೆ ಬಿಸಿಲು ಬಿದ್ದ ಹುಲ್ಲುಗಾವಲು, ಮೇಲೆ ಈಗಷ್ಟೇ ಮಳೆ ಸುರಿದಂತೆಯೋ ಇನ್ನೇನು ಸುರಿಯಲಿರುವಂತೆಯೋ ಕಾಣುವ ಮೋಡಗಳು. ಹೊಳೆಯ ನಡುವೆ ಕುದುರೆ ಕಟ್ಟಿದ ಖಾಲಿ ಬಂಡಿಯೊಂದು ನೀರಿನಲ್ಲಿ ನಿಂತಿದೆ. ದಂಡೆಯ ಮೇಲೆ ಒಂದು ನಾಯಿ ಅದನ್ನೇ ನೋಡುತ್ತಿದೆ. ಚಿತ್ರದ ಹೆಸರು 'ದಿ ಹೇ ವೇನ್', ಹುಲ್ಲಿನ ಬಂಡಿ. ಪ್ರದರ್ಶನಕ್ಕೆ ಇಟ್ಟಾಗ ಕಾನ್‌ಸ್ಟೆಬಲ್ ಕೊಟ್ಟಿದ್ದ ಹೆಸರು ಇನ್ನೂ ಸರಳ: 'ಭೂದೃಶ್ಯ: ಮಧ್ಯಾಹ್ನ'.

ಚಕ್ಕಡಿ ಹೂಡಿ ಗೊತ್ತಿರುವವರು ಈ ಚಿತ್ರದಲ್ಲಿ ಮೊದಲು ನೋಡುವುದು ಗಾಲಿಗಳನ್ನು. ಬಂಡಿ ನೀರಿನಲ್ಲಿ ಯಾಕೆ ನಿಂತಿದೆ? ದಾಟುತ್ತಿರಬಹುದು, ಕುದುರೆಗಳ ಕಾಲು ತಂಪಾಗಲೆಂದು ನಿಲ್ಲಿಸಿರಬಹುದು. ಆದರೆ ಚಿತ್ರ ಬಲ್ಲವರು ಕೊಡುವ ಇನ್ನೊಂದು ಕಾರಣ ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ: ಗಾಲಿ ನೆನೆಯಬೇಕು. ಕಟ್ಟಿಗೆ ಒಣಗಿದಾಗ ನಾರಿನ ಉದ್ದಕ್ಕೆ ಹೆಚ್ಚೇನೂ ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಕಬ್ಬಿಣದ ಹಳಿ ಮಾತ್ರ ಇದ್ದಷ್ಟೇ ಇರುತ್ತದೆ. ಹಳಿಯನ್ನು ಕೆಂಪಗೆ ಕಾಸಿ, ಹಿಗ್ಗಿಸಿ, ಗಾಲಿಗೆ ಏರಿಸಿ, ನೀರು ಹೊಯ್ದು ಬಿಗಿ ಮಾಡಿದ್ದರೂ ಬೇಸಿಗೆಯಲ್ಲಿ ಕಟ್ಟಿಗೆ ಒಳಗೆ ಸರಿದು ಹಳಿ ಸಡಿಲಾಗುತ್ತದೆ. ನೀರಿಗೆ ಇಳಿಸಿದರೆ ಕಟ್ಟಿಗೆಯ ಕೋಶಗಳ ಗೋಡೆಗಳು ನೀರು ಹೀರಿ ಉಬ್ಬುತ್ತವೆ, ಹಳಿ ಮತ್ತೆ ಬಿಗಿಯಾಗುತ್ತದೆ. ಸಫೋಕ್ ಜಿಲ್ಲೆಯ ಸ್ಟೌರ್ ಹೊಳೆಯಲ್ಲಿ ನಡೆದದ್ದಕ್ಕೂ ಹುಬ್ಬಳ್ಳಿಯ ಉಣಕಲ್ ಕೆರೆಯ ಅಂಚಿನಲ್ಲಿ ಚಕ್ಕಡಿ ಇಳಿಸಿದರೆ ನಡೆಯುವುದಕ್ಕೂ ವ್ಯತ್ಯಾಸವಿಲ್ಲ. ಇಂದು ಆ ಕೆರೆಯ ಬದಿಯಲ್ಲಿ ಚಿಗರಿ ಬಸ್ಸು ಓಡುತ್ತದೆ, ನೀರಿನ ನಡುವೆ ವಿವೇಕಾನಂದರ ಪ್ರತಿಮೆ ನಿಂತಿದೆ. ಚಕ್ಕಡಿಗೆ ರಬ್ಬರ್ ಟಾಯರು ಬಂದ ಮೇಲೆ ಗಾಲಿ ನೆನೆಸುವ ಕೆಲಸ ತಾನಾಗಿಯೇ ನಿಂತಿತು.

ಕಾನ್‌ಸ್ಟೆಬಲ್ ಗಿರಣಿ ಯಜಮಾನನ ಮಗ. 1776ರಲ್ಲಿ ಸಫೋಕ್‌ನ ಈಸ್ಟ್ ಬರ್ಗೋಲ್ಟ್‌ನಲ್ಲಿ ಹುಟ್ಟಿದ. ಚಿತ್ರದಲ್ಲಿರುವ ಜಾಗ ಅವನ ತಂದೆಯ ಗಿರಣಿಯ ಪಕ್ಕದ್ದು. ಆದರೆ ಚಿತ್ರವನ್ನು ಅವನು ಹೊಳೆಯ ದಂಡೆಯಲ್ಲಿ ಕೂತು ಬರೆಯಲಿಲ್ಲ. ಮೊದಲು ಸ್ಥಳದಲ್ಲಿ ಮಾಡಿಕೊಂಡಿದ್ದ ಅಭ್ಯಾಸಚಿತ್ರಗಳನ್ನು ಇಟ್ಟುಕೊಂಡು ಲಂಡನ್ನಿನ ಮನೆಯಲ್ಲಿ ಬರೆದ. ಬಂಡಿಯ ಕಟ್ಟು ತಪ್ಪಬಾರದೆಂದು ಊರಿನಿಂದ ಬಂಡಿಯ ರೇಖಾಚಿತ್ರ ತರಿಸಿಕೊಂಡ. 1821ರಲ್ಲಿ ಲಂಡನ್ನಿನಲ್ಲಿ ಚಿತ್ರ ಮಾರಾಟವಾಗಲಿಲ್ಲ. 1824ರಲ್ಲಿ ಪ್ಯಾರಿಸ್ಸಿನ ಪ್ರದರ್ಶನಕ್ಕೆ ಹೋದಾಗ ಫ್ರಾನ್ಸಿನ ದೊರೆಯ ಚಿನ್ನದ ಪದಕ ಬಂತು. 1886ರಲ್ಲಿ ಹೆನ್ರಿ ವಾನ್ ಎಂಬ ಸಂಗ್ರಾಹಕ ಅದನ್ನು ನ್ಯಾಷನಲ್ ಗ್ಯಾಲರಿಗೆ ಕೊಟ್ಟ.

ಈ ಅಧ್ಯಾಯದಲ್ಲಿ ನನಗೆ ಮುಖ್ಯವಾದದ್ದು ಚಿತ್ರದ ಕಥೆಗಿಂತ ಅದರ ಮೈ. ಬಣ್ಣದ ಪುಡಿಯನ್ನು ಹಿಡಿದು ನಿಲ್ಲಿಸಿರುವುದು ಎಣ್ಣೆ. ಆ ಕಾಲದ ತೈಲಚಿತ್ರಕಾರರು ಎಲ್ಲಕ್ಕಿಂತ ಹೆಚ್ಚಾಗಿ ಬಳಸುತ್ತಿದ್ದದ್ದು ಅಗಸಿ ಎಣ್ಣೆ. ಚಿತ್ರದ ಬಟ್ಟೆಯೂ ಸಾಮಾನ್ಯವಾಗಿ ಅಗಸಿ ಗಿಡದ ನಾರಿನಿಂದ ನೇಯ್ದದ್ದೇ. ಅಂದರೆ ಆ ಕಾಲದ ಇಂಗ್ಲೆಂಡಿನ ಭೂದೃಶ್ಯವೊಂದರ ಮುಂದೆ ನಿಂತಾಗ ಒಂದೇ ಗಿಡದ ದಂಟು ಹಿಂದೆ, ಬೀಜ ಮುಂದೆ ಇರುತ್ತದೆ. ನಡುವೆ ತೊಗಲು ಕುದಿಸಿ ತೆಗೆದ ಅಂಟಿನ ಒಂದು ಲೇಪ ಇರಲೇಬೇಕು, ಏಕೆಂದರೆ ಎಣ್ಣೆ ನೇರವಾಗಿ ನಾರಿಗೆ ತಾಗಿದರೆ ಬಟ್ಟೆ ವರ್ಷ ಕಳೆದಂತೆ ಜೀರ್ಣವಾಗಿ ಹರಿಯುತ್ತದೆ. ಧಾರವಾಡ ಜಿಲ್ಲೆಯ ಎರಿ ಹೊಲಗಳಲ್ಲಿ ಹಿಂಗಾರಿಗೆ ಬೆಳೆಯುವ ಅಗಸಿಯೂ ಇದೇ ಜಾತಿಯದು. ನಮ್ಮದು ಗಿಡ್ಡ, ಕವಲೊಡೆಯುವ, ಬೀಜಕ್ಕೆಂದೇ ಬೆಳೆಯುವ ತಳಿ. ನಾರಿನ ತಳಿ ಎತ್ತರ, ನೆಟ್ಟಗೆ. ನೀಲಿ ಹೂವು ಎರಡಕ್ಕೂ ಒಂದೇ.

ಇನ್ನು ಎಣ್ಣೆ ಒಣಗುವುದು ಎಂದರೇನು ನೋಡೋಣ. ಜಲವರ್ಣ ಒಣಗುವುದೆಂದರೆ ನೀರು ಆವಿಯಾಗುವುದು, ಹಾಳೆಯ ತೂಕ ಇಳಿಯುವುದು. ಒಂದು ಗಾಜಿನ ತುಂಡಿನ ಮೇಲೆ ಅಗಸಿ ಎಣ್ಣೆಯನ್ನು ತೆಳ್ಳಗೆ ಸವರಿ, ಸೂಕ್ಷ್ಮ ತಕ್ಕಡಿಯಲ್ಲಿಟ್ಟು ದಿನವೂ ತೂಗಿದರೆ ಮೊದಲ ಒಂದೆರಡು ದಿನ ಏನೂ ಕಾಣುವುದಿಲ್ಲ. ಆಮೇಲೆ ತೂಕ ಏರತೊಡಗುತ್ತದೆ. ಎಣ್ಣೆ ಗಟ್ಟಿಯಾಗುವ ಹೊತ್ತಿಗೆ ನೂರಕ್ಕೆ ಹತ್ತರಿಂದ ಹದಿನೈದರಷ್ಟು ತೂಕ ಹೆಚ್ಚಿರುತ್ತದೆ. ಎಣ್ಣೆಯಿಂದ ಹಾರಿಹೋದದ್ದಕ್ಕಿಂತ ಹೆಚ್ಚಾಗಿ ಗಾಳಿಯಲ್ಲಿದ್ದ ಆಮ್ಲಜನಕ ಅದರೊಳಗೆ ಸೇರಿದೆ. ಕಲೆಯ ಇತಿಹಾಸದಲ್ಲಿ ಇದಕ್ಕಿಂತ ಸೋಜಿಗದ ರಸಾಯನ ಕ್ರಿಯೆ ನನಗಂತೂ ಕಂಡಿಲ್ಲ. ತೈಲಚಿತ್ರದ ಬಣ್ಣದ ಪದರಿನಲ್ಲಿ ಒಂದು ಪಾಲು, ಅದನ್ನು ಬರೆದ ದಿನಗಳಲ್ಲಿ ಆ ಕೋಣೆಯಲ್ಲಿದ್ದ ಗಾಳಿ.

ಎಣ್ಣೆಯ ಅಣುವಿನಲ್ಲಿ ಮೂರು ಉದ್ದ ಸರಪಳಿಗಳಿರುತ್ತವೆ. ಇವೇ ಕೊಬ್ಬಿನ ಆಮ್ಲಗಳು. ಇಲ್ಲಿ ನಮಗೆ ಬೇಕಾದ ಮೂರು ಆಮ್ಲಗಳಲ್ಲೂ 18 ಇಂಗಾಲದ ಪರಮಾಣುಗಳು ಸಾಲಾಗಿವೆ, ವ್ಯತ್ಯಾಸವಿರುವುದು ಆ ಸಾಲಿನಲ್ಲಿ ಎಷ್ಟು ಕಡೆ ದ್ವಿಬಂಧ ಇದೆ ಎಂಬುದರಲ್ಲಿ. ಓಲಿಯಿಕ್ ಆಮ್ಲದಲ್ಲಿ ಒಂದು, ಲಿನೋಲಿಯಿಕ್‌ನಲ್ಲಿ ಎರಡು, ಲಿನೋಲೆನಿಕ್‌ನಲ್ಲಿ ಮೂರು. ಎರಡು ದ್ವಿಬಂಧಗಳ ನಡುವೆ ಸಿಕ್ಕಿಬಿದ್ದ ಇಂಗಾಲದ ಮೇಲಿನ ಹೈಡ್ರೋಜನ್ ತೀರ ಸಡಿಲ. ಅದು ಕಳಚಿದ ಜಾಗಕ್ಕೆ ಆಮ್ಲಜನಕ ಬಂದು ಕೂರುತ್ತದೆ. ಹಾಗೆ ಕೂತದ್ದು ಪಕ್ಕದ ಸರಪಳಿಯ ಹೈಡ್ರೋಜನ್ನನ್ನು ಎಳೆದುಕೊಳ್ಳುತ್ತದೆ, ಅಲ್ಲಿಗೆ ಮತ್ತೊಂದು ಆಮ್ಲಜನಕ. ಒಮ್ಮೆ ಶುರುವಾದರೆ ಕ್ರಿಯೆ ತನ್ನಷ್ಟಕ್ಕೆ ಮುಂದುವರಿಯುತ್ತದೆ, ಸರಪಳಿಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಹರಿಯುತ್ತಿದ್ದ ಎಣ್ಣೆ ಹರಿಯಲಾರದ ಪಾಲಿಮರ್ ಆಗುತ್ತದೆ. ಸ್ಥೂಲವಾಗಿ ಹೇಳಿದರೆ ಓಲಿಯಿಕ್‌ಗಿಂತ ಲಿನೋಲಿಯಿಕ್ ಹತ್ತು ಪಟ್ಟಿಗೂ ಹೆಚ್ಚು, ಲಿನೋಲೆನಿಕ್ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗದಲ್ಲಿ ಆಮ್ಲಜನಕ ಹೀರುತ್ತವೆ. ಅಗಸಿ ಎಣ್ಣೆಯಲ್ಲಿ ಸುಮಾರು ಅರ್ಧದಷ್ಟು ಲಿನೋಲೆನಿಕ್. ಅಷ್ಟು ಪ್ರಮಾಣದಲ್ಲಿ ಅದನ್ನು ಕೊಡುವ ಬೀಜಗಳು ರೈತನ ಹೊಲದಲ್ಲಿ ಹೆಚ್ಚಿಲ್ಲ.

ಇದನ್ನು ಉಣಕಲ್ಲಿನ ಒಂದು ಖಾನಾವಳಿಯ ತಾಟಿನಲ್ಲೇ ಓದಬಹುದು. ರೊಟ್ಟಿಯ ಬದಿಗೆ ಬಡಿಸುವ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಮೂರೂ ಎಣ್ಣೆಕಾಳಿನ ಪುಡಿಗಳೇ. ಶೇಂಗಾ ಎಣ್ಣೆಯಲ್ಲಿ ಓಲಿಯಿಕ್ ಹೆಚ್ಚು. ಅದರಲ್ಲಿ ಬಣ್ಣ ಕಲಸಿ ಚಿತ್ರ ಬರೆದರೆ ವರ್ಷ ಕಳೆದರೂ ಕೈಗೆ ಹತ್ತುತ್ತದೆ. ಗುರೆಳ್ಳಿನಲ್ಲಿ ಲಿನೋಲಿಯಿಕ್ ಹೆಚ್ಚು, ಒಣಗುತ್ತದೆ, ಆದರೆ ನಿಧಾನ. ಕುಸುಬಿಯೂ ಇದೇ ಗುಂಪಿನದು, ಅದರ ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಭಾಗ ಲಿನೋಲಿಯಿಕ್. ಅಗಸಿ ಎಲ್ಲಕ್ಕಿಂತ ಮುಂದೆ. ಅಗಸಿ ಚಟ್ನಿ ಬೇಗ ಕಮಟಾಗುತ್ತದೆ, ಒಂದೇ ಸಲ ಬಹಳ ಕುಟ್ಟಿಡಬಾರದು ಎಂದು ಮನೆಯ ಹೆಣ್ಣುಮಕ್ಕಳು ಹೇಳುವುದು ಇದೇ ರಸಾಯನಶಾಸ್ತ್ರ. ಇಡೀ ಕಾಳು ತಿಂಗಳುಗಟ್ಟಲೆ ಕೆಡುವುದಿಲ್ಲ, ಸಿಪ್ಪೆ ಗಾಳಿಯನ್ನು ಹೊರಗಿಟ್ಟಿರುತ್ತದೆ. ಕುಟ್ಟಿದ ಮರುಗಳಿಗೆಯಿಂದ ಎಣ್ಣೆ ಗಾಳಿಗೆ ತೆರೆದುಕೊಳ್ಳುತ್ತದೆ. ಆಮ್ಲಜನಕ ಹೀರಿದ ಸರಪಳಿಗಳಲ್ಲಿ ಕೆಲವು ತುಂಡಾಗಿ ಹಗುರವಾದ ಆಲ್ಡಿಹೈಡುಗಳಾಗಿ ಹಾರುತ್ತವೆ. ಡಬ್ಬಿ ತೆಗೆದಾಗ ಮೂಗಿಗೆ ಬಡಿಯುವ ಕಮಟು ವಾಸನೆಯೂ, ಒಣಗುತ್ತಿರುವ ಎಣ್ಣೆಬಣ್ಣದ ವಾಸನೆಯೂ ಬಹುಪಾಲು ಇವೇ ಅಣುಗಳಿಂದ ಬಂದವು. ಅಡುಗೆಮನೆಯಲ್ಲಿ ಹಾಳಾಗುವುದು ಎನ್ನಿಸಿಕೊಂಡದ್ದೇ ಚಿತ್ರದಲ್ಲಿ ಬಾಳಿಕೆಗೆ ಆಧಾರ.

ನಿಧಾನವೂ ಚಿತ್ರಕಾರನಿಗೆ ಬೇಕಾದ ಗುಣವೇ. ಬಣ್ಣ ಗಂಟೆಗಟ್ಟಲೆ ಹಸಿಯಾಗಿರುವುದರಿಂದ ಬಿಳಿಯ ಅಂಚನ್ನು ಬೂದಿಯೊಳಗೆ, ಬೂದಿಯನ್ನು ನೀಲಿಯೊಳಗೆ ಎಳೆಯಬಹುದು. ಮೋಡ ಬರೆಯುವವನಿಗೆ ಇದು ಬೇಕೇಬೇಕು. 1821 ಮತ್ತು 1822ರಲ್ಲಿ ಕಾನ್‌ಸ್ಟೆಬಲ್ ಲಂಡನ್ನಿನ ಹ್ಯಾಂಪ್‌ಸ್ಟೆಡ್ ದಿಣ್ಣೆಯ ಮೇಲೆ ನಿಂತು ಹತ್ತಾರು ಮೋಡದ ಚಿತ್ರಗಳನ್ನು ಕಾಗದದ ಮೇಲೆ ಎಣ್ಣೆಬಣ್ಣದಲ್ಲಿ ಬರೆದ. ಹಲವು ಹಾಳೆಗಳ ಹಿಂದೆ ತಾರೀಕು, ಹೊತ್ತು, ಗಾಳಿಯ ದಿಕ್ಕು ಬರೆದಿಟ್ಟಿದ್ದಾನೆ. ಅದೇ ಲಂಡನ್ನಿನಲ್ಲಿ ಔಷಧ ತಯಾರಕ ಲೂಕ್ ಹೋವರ್ಡ್ 1802ರಲ್ಲಿ ಮೋಡಗಳಿಗೆ ಸಿರಸ್, ಕ್ಯುಮುಲಸ್, ಸ್ಟ್ರೇಟಸ್ ಎಂಬ ವರ್ಗಗಳನ್ನು ಸೂಚಿಸಿದ್ದ. ಹವಾಮಾನಶಾಸ್ತ್ರಜ್ಞರು ಇಂದಿಗೂ ಆ ಹೆಸರುಗಳನ್ನೇ ಬಳಸುತ್ತಾರೆ. ಕಾನ್‌ಸ್ಟೆಬಲ್‌ನ ಹಾಳೆಗಳನ್ನು ಆ ದಿನಗಳ ಹವಾಮಾನ ದಾಖಲೆಗಳ ಜೊತೆ ಇಟ್ಟು ನೋಡಿದವರೂ ಇದ್ದಾರೆ. ಚಿತ್ರಕಲೆ ಒಂದು ವಿಜ್ಞಾನ, ಚಿತ್ರಗಳು ಅದರ ಪ್ರಯೋಗಗಳು ಎಂಬ ಅರ್ಥದ ಮಾತನ್ನು ಅವನು 1836ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಉಪನ್ಯಾಸದಲ್ಲಿ ಆಡಿದ್ದ. ಅದು ಉತ್ಪ್ರೇಕ್ಷೆ ಎಂದು ನನಗೆ ಅನ್ನಿಸುವುದಿಲ್ಲ. ಜೂನ್ ತಿಂಗಳಲ್ಲಿ ಉಣಕಲ್ ಕೆರೆಯ ಏರಿಯ ಮೇಲೆ ನಿಂತು ಪಡುವಣಕ್ಕೆ ನೋಡಿ. ಮಲೆನಾಡಿನ ಕಡೆಯಿಂದ ಬರುವ ಮೋಡದ ತಳ ಸಪಾಟು, ತಲೆ ಗೋಪುರ. ಏರುವ ಗಾಳಿಯ ತೇವ ಹನಿಗಟ್ಟುವ ಎತ್ತರ ಎಲ್ಲ ಮೋಡಗಳಿಗೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ತಳಗಳೆಲ್ಲ ಒಂದೇ ಮಟ್ಟದಲ್ಲಿರುತ್ತವೆ. ಕಾನ್‌ಸ್ಟೆಬಲ್ ಇದನ್ನು ಕಣ್ಣಿಟ್ಟು ನೋಡಿದ್ದ ಎಂಬುದಕ್ಕೆ ಅವನ ಆಕಾಶಗಳೇ ಸಾಕ್ಷಿ.

ಎಣ್ಣೆ ಒಣಗುವವರೆಗೆ ಕಾಯುವ ತಾಳ್ಮೆ ಎಲ್ಲರಿಗೂ ಇರಲಿಲ್ಲ. ಎಣ್ಣೆಗೆ ಸೀಸದ ಆಕ್ಸೈಡ್ ಹಾಕಿ ಕಾಸಿದರೆ ಬೇಗ ಒಣಗುತ್ತದೆ, ಸೀಸದ ಅಯಾನುಗಳು ಆಮ್ಲಜನಕದ ಕೆಲಸಕ್ಕೆ ವೇಗ ಕೊಡುತ್ತವೆ. ಅಂಥ ಎಣ್ಣೆಗೆ ಮಾಸ್ಟಿಕ್ ರಾಳದ ವಾರ್ನಿಷ್ ಬೆರೆಸಿದರೆ ಬೆಣ್ಣೆಯಂತೆ ನಿಲ್ಲುವ ಲೋಳೆ ಸಿಗುತ್ತದೆ. ಕಾನ್‌ಸ್ಟೆಬಲ್‌ನ ಸಮಕಾಲೀನ ಜೆ.ಎಂ.ಡಬ್ಲ್ಯು. ಟರ್ನರ್ ಇದನ್ನು ಧಾರಾಳವಾಗಿ ಬಳಸಿದ. ಬರೆಯುವಾಗ ಸೊಗಸು, ಆಮೇಲೆ ಬಿರುಕು. ಕಾರಣ ಸ್ಪಷ್ಟ. ಎಣ್ಣೆಯ ಪದರು ಗಟ್ಟಿಯಾಗುವುದು ಮೇಲಿನಿಂದ ಕೆಳಕ್ಕೆ. ಮೇಲಿನ ಪದರು ಬೇಗ ಬಿಗಿದು, ಕೆಳಗಿನದು ಇನ್ನೂ ಹಸಿಯಾಗಿ ಸರಿದಾಡುತ್ತಿದ್ದರೆ ಮೇಲಿನದು ಸೀಳಲೇಬೇಕು. ಹಾಗಾಗಿ ಕೆಳಪದರಿಗೆ ಎಣ್ಣೆ ಕಡಿಮೆ, ಮೇಲಿನದಕ್ಕೆ ಹೆಚ್ಚು ಎಂಬುದು ತೈಲಚಿತ್ರಕಾರರು ಶಿಷ್ಯರಿಗೆ ಮೊದಲು ಕಲಿಸುವ ನಿಯಮ. ಬಣ್ಣವನ್ನು ಗಾಳಿಯಿಂದ ಕಾಪಾಡುವುದೂ ಆ ದಿನಗಳಲ್ಲಿ ಒಂದು ಕೆಲಸವಾಗಿತ್ತು. ಕಲಸಿದ ಬಣ್ಣವನ್ನು ಹಂದಿಯ ಮೂತ್ರಕೋಶದ ಪುಟ್ಟ ಚೀಲಗಳಲ್ಲಿ ಕಟ್ಟಿಡುತ್ತಿದ್ದರು. ಚುಚ್ಚಿ ಹಿಂಡಿದ ಮೇಲೆ ಒಳಗೆ ಉಳಿದದ್ದು ಗಟ್ಟಿಯಾಗುತ್ತಿತ್ತು. 1841ರಲ್ಲಿ ಜಾನ್ ಗಾಫ್ ರ‍್ಯಾಂಡ್ ತವರದ ಟ್ಯೂಬು ಕಂಡುಹಿಡಿದ. ಅದರ ಬಿರಡೆಯ ಕೆಲಸವೇ ಆಮ್ಲಜನಕವನ್ನು ಹೊರಗಿಡುವುದು. ಕಾನ್‌ಸ್ಟೆಬಲ್ ಅದನ್ನು ನೋಡಲಿಲ್ಲ, 1837ರಲ್ಲೇ ತೀರಿಕೊಂಡಿದ್ದ.

ಅಗಸಿಗೆ ಒಂದು ದೋಷವಿದೆ. ವರ್ಷಗಳು ಕಳೆದಂತೆ ಅದು ಹಳದಿಗೆ ತಿರುಗುತ್ತದೆ, ಅದಕ್ಕೂ ಮುಖ್ಯ ಕಾರಣ ಅದೇ ಲಿನೋಲೆನಿಕ್ ಆಮ್ಲ. ಬೇಗ ಒಣಗಿಸುವುದೂ ಹಳದಿ ಮಾಡುವುದೂ ಒಂದೇ. ಬಿಳಿ ಮೋಡ, ನೀಲಿ ಆಕಾಶಕ್ಕೆ ಇದು ಕೇಡು. ಆದ್ದರಿಂದ ಯೂರೋಪಿನವರು ಬಿಳಿ ಮತ್ತು ನೀಲಿಗೆ ಗಸಗಸೆ ಎಣ್ಣೆ, ಅಕ್ರೋಟಿನ ಎಣ್ಣೆ ಬಳಸಿ ನೋಡಿದರು. ಇಂದು ಬಣ್ಣದ ಕಂಪನಿಗಳು ಬಿಳಿಯನ್ನು ಅರೆಯುವುದು ಹೆಚ್ಚಾಗಿ ಕುಸುಬಿ ಎಣ್ಣೆಯಲ್ಲಿ. ಕುಸುಬಿಯಲ್ಲಿ ಲಿನೋಲೆನಿಕ್ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಬಿಳಿ ಬಿಳಿಯಾಗಿಯೇ ಉಳಿಯುತ್ತದೆ, ಒಣಗಲು ಮಾತ್ರ ಇನ್ನಷ್ಟು ದಿನ ಬೇಕು. ಇದು ಎರಿಭೂಮಿಯ ಬಿಳಿಜೋಳ, ಕಡಲೆ ಹೊಲದ ಅಂಚಿನಲ್ಲಿ ದನ ನುಗ್ಗದಂತೆ ಮುಳ್ಳುಬೇಲಿಯಾಗಿ ನಿಲ್ಲುತ್ತಿದ್ದ ಆ ಕುಸುಬಿಯೇ. ಅಣ್ಣಿಗೇರಿಯ ಕೃಷಿ ಸಂಶೋಧನಾ ಕೇಂದ್ರದ ಕುಸುಬಿ ತಳಿ ಅಣ್ಣಿಗೇರಿ-1 ದೇಶದ ಹಲವು ಕಡೆ ಹೆಸರಾದದ್ದು. ನಮ್ಮ ರೈತರು ಕುಸುಬಿಯನ್ನು ಬಿಡುತ್ತಾ ಬಂದಿರುವುದು ನನಗೆ ನಿಜವಾಗಿಯೂ ಬೇಸರದ ಸಂಗತಿ. ಮುಳ್ಳಿನ ಬೆಳೆ ಕೊಯ್ಯಲು ಆಳು ಸಿಗುವುದಿಲ್ಲ, ಗಾಣಗಳು ಕಡಿಮೆಯಾದವು, ಅಂಗಡಿಯಲ್ಲಿ ಅಗ್ಗದ ತಾಳೆ ಎಣ್ಣೆ ಸಿಗುತ್ತದೆ ಎಂಬ ಕಾರಣಗಳು ಸುಳ್ಳಲ್ಲ. ಆದರೂ ಇಷ್ಟು ಕಡಿಮೆ ನೀರಿನಲ್ಲಿ ಇಷ್ಟು ಬೆಲೆಬಾಳುವ ಎಣ್ಣೆ ಕೊಡುವ ಬೆಳೆ ಬಯಲುಸೀಮೆಗೆ ಇನ್ನೊಂದು ಸಿಗುವುದು ಕಷ್ಟ.

'ಹೇ ವೇನ್' ಚಿತ್ರಕ್ಕೆ ಮರಳಿ ಒಂದು ಜಾಗವನ್ನು ಹತ್ತಿರದಿಂದ ನೋಡೋಣ. ನಾಯಿಯ ಪಕ್ಕ, ನೀರಿನ ಅಂಚು. ಅಲ್ಲಿ ಕಾನ್‌ಸ್ಟೆಬಲ್ ಮೊದಲು ಕುದುರೆಯ ಮೇಲೆ ಕೂತ ಒಂದು ಆಕೃತಿ ಬರೆದಿದ್ದ. ಅದು ಬೇಡವೆನಿಸಿ ಅಲ್ಲೊಂದು ಪೀಪಾಯಿ ಬರೆದ. ಅದೂ ಬೇಡವೆನಿಸಿ ಬಣ್ಣ ಬಳಿದು ಮುಚ್ಚಿಬಿಟ್ಟ. ಅವನ ಕಾಲದಲ್ಲಿ ಅಲ್ಲಿ ಏನೂ ಕಾಣುತ್ತಿರಲಿಲ್ಲ. ಈಗ ಆ ಜಾಗದಲ್ಲಿ ಒಂದು ಮಬ್ಬು ನೆರಳು ಮೇಲೆದ್ದು ಬರುತ್ತಿದೆ. ಮುಚ್ಚಿದ್ದ ಬಣ್ಣ ಎಲ್ಲೂ ಉದುರಿಲ್ಲ, ಅದು ಪಾರದರ್ಶಕವಾಗುತ್ತಿದೆ.

ಬಣ್ಣದ ಪುಡಿ ಕೆಳಗಿನದನ್ನು ಮುಚ್ಚುವುದು ಬೆಳಕನ್ನು ಚದುರಿಸಿ. ಪುಡಿಯೊಳಗೆ ಬೆಳಕು ಬಾಗುವ ಪ್ರಮಾಣಕ್ಕೂ ಎಣ್ಣೆಯೊಳಗೆ ಬಾಗುವ ಪ್ರಮಾಣಕ್ಕೂ ವ್ಯತ್ಯಾಸ ಎಷ್ಟು ದೊಡ್ಡದೋ ಚದುರುವಿಕೆ ಅಷ್ಟು ಹೆಚ್ಚು. ಹುಬ್ಬಳ್ಳಿಯ ಗಾಡಿಯಂಗಡಿಯವರು ಮಿರ್ಚಿ ಕಟ್ಟಿಕೊಟ್ಟ ಪೇಪರನ್ನು ಬೆಳಕಿಗೆ ಹಿಡಿದರೆ ಎಣ್ಣೆ ಹತ್ತಿದ ಕಡೆ ಆಚೆಯದು ಕಾಣುತ್ತದೆಯಲ್ಲ, ಕಾರಣ ಇದೇ. ನಾರು ಮತ್ತು ಗಾಳಿಯ ನಡುವಿನ ದೊಡ್ಡ ವ್ಯತ್ಯಾಸ ಹೋಗಿ, ನಾರು ಮತ್ತು ಎಣ್ಣೆಯ ನಡುವಿನ ಸಣ್ಣ ವ್ಯತ್ಯಾಸ ಉಳಿಯುತ್ತದೆ. ಹಸಿ ಅಗಸಿ ಎಣ್ಣೆಯ ವಕ್ರೀಭವನ ಸೂಚ್ಯಂಕ ಸುಮಾರು 1.48. ಆಮ್ಲಜನಕ ಸೇರಿ, ಅಣುಗಳು ಬೆಸೆದು ಒತ್ತಾದಂತೆ ದಶಕಗಳಲ್ಲಿ ಅದು 1.5ನ್ನು ದಾಟುತ್ತದೆ, ಪುಡಿಯ ಸೂಚ್ಯಂಕಕ್ಕೆ ಹತ್ತಿರವಾಗುತ್ತದೆ. ಜೊತೆಗೆ ಬಿಳಿ ಸೀಸದ ಕಣಗಳು ಎಣ್ಣೆಯಿಂದ ಬಿಡುಗಡೆಯಾದ ಆಮ್ಲಗಳ ಜೊತೆ ಸೇರಿ ಸೀಸದ ಸಾಬೂನಾಗುತ್ತವೆ. ಸಾಬೂನು ಅರೆಪಾರದರ್ಶಕ, ಬಿಳಿಯ ಮುಚ್ಚುವ ಶಕ್ತಿ ಅಷ್ಟು ಕುಂದುತ್ತದೆ. ಕಾನ್‌ಸ್ಟೆಬಲ್ ಕುಂಚ ಕೆಳಗಿಟ್ಟು ಇನ್ನೂರು ವರ್ಷವಾದರೂ ಚಿತ್ರದ ರಸಾಯನ ಇನ್ನೂ ನಡೆಯುತ್ತಿದೆ. ಒಣಗಿತು ಎಂದು ನಾವು ಹೇಳುವ ದಿನ ಆ ಕ್ರಿಯೆಯ ನಡುವಿನ ಒಂದು ದಿನ ಅಷ್ಟೇ.

ಇಷ್ಟು ಗುಣವುಳ್ಳ ಎಣ್ಣೆಯನ್ನು ಕೈಗಾರಿಕೆ ಬಿಡಲಿಲ್ಲ. 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಬಣ್ಣದ ಡಬ್ಬಿಯ ಮೇಲೆ ಕೆನೆಗಟ್ಟಿದ ಅಗಸಿ ಎಣ್ಣೆಯನ್ನು ನೋಡಿ, ಅದೇ ಕೆನೆಗೆ ಬೆಂಡಿನ ಪುಡಿ ಸೇರಿಸಿ ನೆಲಹಾಸು ಮಾಡಿದ, ಅದೇ ಲಿನೋಲಿಯಂ. ಬಣ್ಣ, ವಾರ್ನಿಷ್, ನೆಲಹಾಸಿಗೆಂದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತದ ಅಗಸಿ ಹಡಗುಗಟ್ಟಲೆ ಬ್ರಿಟನ್ನಿಗೆ ಹೋಯಿತು. ಹುಬ್ಬಳ್ಳಿಯ ಮೈದಾನದಲ್ಲಿ ಹೊಸ ಬ್ಯಾಟಿಗೆ ಹುಡುಗರು ಅಗಸಿ ಎಣ್ಣೆ ಸವರುವುದೂ ಇದೇ ಸರಣಿಯದು. ಒಳಗೆ ಇಳಿದ ಎಣ್ಣೆ ಗಟ್ಟಿಯಾಗಿ ಕಟ್ಟಿಗೆಯ ತೇವ ಓಡದಂತೆ ತಡೆಯುತ್ತದೆ.

ಧಾರವಾಡ ತೈಲಚಿತ್ರಕ್ಕೆ ಹೊಸತಲ್ಲ. ಡಿ.ವಿ. ಹಾಲಭಾವಿಯವರು ಇಲ್ಲಿ ಕಟ್ಟಿದ ಕಲಾಶಾಲೆಯಿಂದ ಎಷ್ಟೋ ಚಿತ್ರಕಾರರು ಹೊರಬಂದರು. ಈ ಭಾಗದ ಹಳೆಯ ವಾಡೆಗಳಲ್ಲಿ, ಮಠಗಳಲ್ಲಿ ಅಂಥ ಚಿತ್ರಗಳಿದ್ದರೆ ಮನೆಯವರಲ್ಲಿ ಒಂದು ಕೇಳಿಕೆ. ಮಂಕಾಯಿತೆಂದು ಅವುಗಳ ಮೇಲೆ ಮತ್ತೆ ಎಣ್ಣೆ ಸವರಬೇಡಿ. ಆ ಕ್ಷಣಕ್ಕೆ ಹೊಳಪು ಬರುತ್ತದೆ, ಆದರೆ ಹೊಸ ಎಣ್ಣೆಯೂ ಗಟ್ಟಿಯಾಗಿ, ಹಳದಿಯಾಗಿ, ದೂಳು ಹಿಡಿದು ಚಿತ್ರದ ಮೇಲೆ ತೆಗೆಯಲಾರದ ಪದರಾಗುತ್ತದೆ. ಕತ್ತಲೆಯ ಪೆಟ್ಟಿಗೆಯಲ್ಲೂ ಮುಚ್ಚಿಡಬೇಡಿ. ಕತ್ತಲೆಯಲ್ಲಿ ಹಳದಿ ಹೆಚ್ಚುತ್ತದೆ, ನೇರ ಬಿಸಿಲು ಬೀಳದ ಸಾಧಾರಣ ಬೆಳಕಿನಲ್ಲಿ ಇಟ್ಟರೆ ಕಡಿಮೆಯಾಗುತ್ತದೆ.

ಓದುಗರು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಒಂದು ಗಾಜಿನ ಮೇಲೆ ಶೇಂಗಾ, ಕುಸುಬಿ, ಅಗಸಿ ಎಣ್ಣೆಗಳನ್ನು ಬೇರೆಬೇರೆ ಕಡೆ ಬೆರಳಿನಿಂದ ತೆಳ್ಳಗೆ ಸವರಿ, ಹೆಸರು ಬರೆದು, ದೂಳು ಬೀಳದ ಬೆಳಕಿನ ಜಾಗದಲ್ಲಿಡಿ. ಗಾಣದ ಎಣ್ಣೆಯಾದರೆ ಒಳ್ಳೆಯದು. ದಿನಕ್ಕೊಮ್ಮೆ ಅಂಚಿನಲ್ಲಿ ಮುಟ್ಟಿ ನೋಡಿ, ಯಾವುದು ಮೊದಲು ಬಿಗಿಯುತ್ತದೆ, ಯಾವುದು ಕೊನೆಯವರೆಗೂ ಎಣ್ಣೆಯಾಗಿಯೇ ಉಳಿಯುತ್ತದೆ ಬರೆದಿಡಿ. ಅಗಸಿ ಎಣ್ಣೆ ಒರೆಸಿದ ಅರಿವೆಯನ್ನು ಮಾತ್ರ ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಆಮ್ಲಜನಕ ಹೀರುವಾಗ ಬಿಸಿ ಹುಟ್ಟುತ್ತದೆ, ಮಡಿಕೆಯೊಳಗಿನ ಬಿಸಿ ಹೊರಗೆ ಹೋಗದಿದ್ದರೆ ಅರಿವೆ ತಾನಾಗಿ ಹೊತ್ತಿಕೊಳ್ಳಬಹುದು. ಅದನ್ನು ನೀರಿನಲ್ಲಿ ನೆನೆಸಿ, ಹೊರಗೆ ಬಿಡಿಸಿ ಹರವಿ ಒಣಗಿಸಿ.